ಕಂಬಕ್ಕೆರೆದ ಹಾಲು

ನದಿಯ ಈ ದಡದಲ್ಲೊಂದು ಆಶ್ರಮ, ಆಚೆ ದಡದಲ್ಲೊಂದು ಊರು. ನಡುವೆ ತೂಗುಸೇತುವೆ. ಸೇತುವೆಯ ಉಕ್ಕಿನ ಹಗ್ಗಗಳೆಲ್ಲ ಆಶ್ರಮದ ಕಡೆ ಬಂದು ಒಂದೇ ಒಂದು ಕಬ್ಬಿಣದ ಕಂಬಕ್ಕೆ ಬಿಗಿದಿದ್ದವು.

ಚೆಲುವರಾಯ ಜ್ಞಾನ ಬೇಕೆಂದು ಬಂದ ದಿನ ಮುದ್ದಯ್ಯ ಗುರುಗಳು ಅವನಿಗೆ ಮಂತ್ರ ಕೊಡಲಿಲ್ಲ. ಆ ಕಂಬ ನೋಡಿಕೊ ಎಂದರು, ಅಷ್ಟೆ.

ಅವನಿಗೆ ಬೇಜಾರಾಯಿತು. ಆದರೂ ಹಿಡಿದ ಕೆಲಸವನ್ನು ಅರೆಬರೆ ಮಾಡುವ ಜಾಯಮಾನ ಅವನದಲ್ಲ. ಕಂಬಕ್ಕೆ ಬಣ್ಣ ಬಳಿದ, ಬಣ್ಣದ ಮೇಲೆ ಅರಿಸಿನ, ಅರಿಸಿನದ ಮೇಲೆ ಕುಂಕುಮ. ಬುಡಕ್ಕೆ ದಿನಾ ಹಾಲು, ಬಾಳೆಹಣ್ಣು, ಬೆಲ್ಲದ ನೀರು. ಸೇತುವೆ ದಾಟಿ ಬಂದವರು ಕೈ ಮುಗಿಯತೊಡಗಿದರು. ಬರಬರುತ್ತಾ ಕಂಬ ಕಂಬದಪ್ಪನಾಯಿತು, ಚೆಲುವರಾಯ ಪೂಜಾರಿಯಾದ.

ಗುರುಗಳು ಮಾತ್ರ ಯಾವಾಗ ಸಿಕ್ಕರೂ ಒಂದೇ ಕೇಳುತ್ತಿದ್ದರು. "ಬುಡ ಹೇಗಿದೆಯಪ್ಪ?"

ಚೆನ್ನಾಗಿದೆ ಎನ್ನುತ್ತಿದ್ದ. ಮೊದಮೊದಲು ಅದರಲ್ಲೇನೋ ಗೂಢಾರ್ಥವಿದೆ ಎಂದುಕೊಂಡು ಕಣ್ಣು ಮುಚ್ಚಿ ಧ್ಯಾನಕ್ಕೂ ಕೂತ. ಹಲ್ಲುಜ್ಜುವಾಗ ಅದೇ ಪ್ರಶ್ನೆ, ಊಟಕ್ಕೆ ಕೂತಾಗ ಅದೇ ಪ್ರಶ್ನೆ. ಕೊನೆಗೆ ಅವನಿಗೆ ತಲೆ ಚಿಟ್ಟು ಹಿಡಿಯಿತು. ಬ್ರಹ್ಮದ ಬಗ್ಗೆ ಹೇಳಬೇಕಾದ ಬಾಯಿ ಬುಡ ಬುಡ ಎಂದು ಜಪ ಮಾಡುತ್ತಿದ್ದರೆ ಶಿಷ್ಯನಾದವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಒಂದು ಹುಣ್ಣಿಮೆಯ ಬೆಳಿಗ್ಗೆ ಅವನು ಗುರುಗಳನ್ನು ಕರೆಯಲು ಹೋದ. ಇವತ್ತು ಕಂಬದಪ್ಪನಿಗೆ ಕೊಡಗಟ್ಟಲೆ ಹಾಲಿನ ಅಭಿಷೇಕ, ಆಚೆ ದಡದ ಊರಿಗೆ ಊರೇ ಸೇತುವೆ ದಾಟಿ ಬರುತ್ತದೆ, ಮೊದಲ ಬಿಂದಿಗೆ ತಾವೇ ಎರೆಯಬೇಕು ಎಂದ.

"ಬುಡ ಹೇಗಿದೆ?"

ಚೆಲುವರಾಯ ಹಲ್ಲು ಕಚ್ಚಿದ. "ತಾವೇ ಬಂದು ನೋಡಿಬಿಡಿ ಗುರುಗಳೇ."

ಗುರುಗಳು ಬಂದರು. ಕಂಬದ ಸುತ್ತ ಕವಿದಿದ್ದ ಹೊಗೆಗೆ ಕೆಮ್ಮಿದರು. ಇಷ್ಟೊಂದು ಸಾಂಬ್ರಾಣಿ ಯಾಕೆ ಎಂದು ಕೇಳಿದರು.

"ಬುಡದಿಂದ ಕೆಟ್ಟ ವಾಸನೆ ಬರ್ತಿತ್ತು, ಕೊಳೆತ ಮೊಟ್ಟೆ ಥರ. ಭಕ್ತರಿಗೆ ತೊಂದರೆ ಆಗಬಾರದು ಅಂತ ಹಾಕ್ತೀನಿ."

"ಯಾವಾಗಿಂದ?"

"ಹೋದ ಮಳೆಗಾಲದಿಂದ."

ಗುರುಗಳು ಹಣೆ ಚಚ್ಚಿಕೊಂಡರು. ಬೈಯಲೂ ಮನಸ್ಸಾಗಲಿಲ್ಲ. ಗುದ್ದಲಿ ತರಿಸಿ ಅವನ ಕೈಯಲ್ಲೇ ಅಗೆಸಿದರು.

ಮೊಳದಷ್ಟು ಅಗೆಯುವುದರೊಳಗೆ ಮಣ್ಣು ಡಾಂಬರಿನಂತೆ ಕಪ್ಪಗಾಯಿತು. ನಾತ ತಡೆಯಲಾರದೆ ಚೆಲುವರಾಯ ಮುಖ ತಿರುಗಿಸಿದ. ಮೇಲೆ ತೊಡೆಯಷ್ಟು ದಪ್ಪವಿದ್ದ ಕಂಬ ಅಲ್ಲಿ ಮಣಿಕಟ್ಟಿನಷ್ಟಾಗಿತ್ತು. ಗುರುಗಳು ಬೆರಳಿಂದ ಒತ್ತಿದರೆ ಕಪ್ಪು ಚಕ್ಕೆ ಕಳಚಿ ಬಂತು.

"ತುಕ್ಕು ಕೆಂಪಗಿರುತ್ತಲ್ಲ ಗುರುಗಳೇ? ಕಂಬದಲ್ಲಿ ಕುಂಕುಮ ಬಿಟ್ಟರೆ ಒಂದು ಚುಕ್ಕೆ ಕೆಂಪು ಕಾಣಲಿಲ್ಲ."

"ಗಾಳಿಗೆ ಹಿಡಿಯೋ ತುಕ್ಕು ಕೆಂಪು. ಈ ಕೆಸರಲ್ಲಿ ಗಾಳಿ ಎಲ್ಲಿದೆ? ಗಾಳಿ ಬೇಡದ ಜೀವಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಅರೆಹೊಟ್ಟೆಯಲ್ಲಿ ಬಿದ್ದಿದ್ದವು. ನೀನು ಹಾಲು ಬೆಲ್ಲ ಕೊಟ್ಟು ಸಾಕಿದೆ."

"ಅವು ಕಬ್ಬಿಣ ತಿಂತಾವಾ?"

"ನೀನು ಕೊಟ್ಟಿದ್ದನ್ನ ತಿಂತವೆ. ತಿಂದು ಹೊರಗೆ ಬಿಡೋ ಈ ನಾತದ ವಿಷ ಕಬ್ಬಿಣ ತಿನ್ನುತ್ತೆ. ಹಾವಿಗೆ ಹಾಲೆರೆದರೆ ಹಾವಾದರೂ ಕಣ್ಣಿಗೆ ಬೀಳುತ್ತೆ. ಇವು ಕಾಣಲ್ಲ ಅಂತಲೇ ದೇವರು ಮೂಗು ಕೊಟ್ಟಿದ್ದು. ನೀನು ಅದಕ್ಕೆ ಸಾಂಬ್ರಾಣಿ ಹಾಕಿದೆ."

ಅಷ್ಟರಲ್ಲಿ ಆಚೆ ದಡದಿಂದ ತಮಟೆ ಕೇಳಿಸಿತು. ಊರ ಹಿರಿಯಳು ಹೊನ್ನಮ್ಮ ಹಾಲಿನ ಬಿಂದಿಗೆ ಹೊತ್ತು ಎಲ್ಲರ ಮುಂದೆ ನಿಂತಿದ್ದಳು. ಅವಳ ಒಂದು ಕಾಲು ಆಗಲೇ ಸೇತುವೆಯ ಹಲಗೆಯ ಮೇಲಿತ್ತು.

ಚೆಲುವರಾಯ ಗುದ್ದಲಿ ಬಿಸಾಡಿದ. ಓಡಿಹೋಗಿ, ಮುಹೂರ್ತ ಸರಿಯಿಲ್ಲ, ಬರಬೇಡಿ ಎಂದು ಕೂಗಿದ.

ಹಾಗಾದರೆ ಸಂಜೆ ಬರುತ್ತೇವೆ ಎಂದು ಅವರು ಕೂಗಿದರು.

ಅವನು ಗುರುಗಳ ಕಡೆ ನೋಡಿದ. ಅವರು ಬೆರಳಿಗಂಟಿದ ಕೆಸರನ್ನು ಒರೆಸಿಕೊಳ್ಳುತ್ತಿದ್ದರು. ನಿಜ ಹೇಳಿದರೆ ಅವನ ಮಾನ ಹೋಗುತ್ತಿತ್ತು. ಹೇಳದಿದ್ದರೆ ಸಂಜೆಗೆ ಜನರ ಪ್ರಾಣ ಹೋಗುತ್ತಿತ್ತು.

"ಕಂಬದ ಬುಡ ಕೊಳೆತಿದೆ," ಎಂದು ಕೂಗಿದ. "ಕೊಳೆಸಿದವನು ನಾನೇ. ಯಾರೂ ಕಾಲಿಡಬೇಡಿ."

ತಮಟೆ ನಿಂತಿತು. ಯಾರೋ ಅವನ ವಂಶವನ್ನೇ ಹಿಡಿದು ಬೈದರು. ಹೊನ್ನಮ್ಮ ಕಾಲು ಹಿಂದಕ್ಕೆ ತೆಗೆದಳು.

ಆಮೇಲೆ ಊರಿನವರೇ ದೋಣಿಯಲ್ಲಿ ಬಂದರು. ಕೆಸರಿಲ್ಲದ ದಿಣ್ಣೆಯ ಮೇಲೆ, ನೀರು ನಿಲ್ಲದಂತೆ ಕಲ್ಲು ತುಂಬಿ ಹೊಸ ಕಂಬ ನೆಟ್ಟರು. ಕಲ್ಲು ಹೊತ್ತೂ ಹೊತ್ತೂ ಚೆಲುವರಾಯನ ಹೆಗಲು ಸುಲಿಯಿತು. ಅವನೊಡನೆ ಯಾರೂ ಮಾತಾಡಲಿಲ್ಲ.

ಕೆಲಸ ಮುಗಿದ ದಿನ ಅವನು ಒಳಗೊಳಗೇ ಕುದಿಯುತ್ತಿದ್ದದ್ದನ್ನು ಕೇಳಿಯೇಬಿಟ್ಟ. "ಒಗಟಿನ ಹಾಗೆ ಬುಡ ಬುಡ ಅನ್ನೋ ಬದಲು ನೇರವಾಗಿ ಹೇಳಬಾರದಿತ್ತಾ ಗುರುಗಳೇ?"

"ಏನು ಒಗಟೋ? ನನಗೇನು ಗೊತ್ತಿತ್ತು? ಗೊತ್ತಿಲ್ಲದ್ದಕ್ಕೇ ದಿನಾ ಕೇಳಿದೆ. ನೀನು ನೋಡದೆ ಚೆನ್ನಾಗಿದೆ ಅಂದೆ."

ಚೆಲುವರಾಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಸ ಕಂಬಕ್ಕೆ ಏನು ಸೇವೆ ಮಾಡಲಿ ಎಂದು ಮೆಲ್ಲಗೆ ಕೇಳಿದ.

ಗುರುಗಳು ಸಾಂಬ್ರಾಣಿಯ ಬಟ್ಟಲನ್ನು ಕಲ್ಲಿನ ಮೇಲೆ ಬೋರಲು ಹಾಕಿದರು.

"ದಿನಾ ಬಗ್ಗಿ ಬುಡ ಮೂಸು. ಕೈ ಮುಗಿಯೋದು ಆಮೇಲೆ."