ನೂರಿಪ್ಪತ್ತು ಮನೆ, ಒಂದು ಮಧ್ಯಾಹ್ನ

ನಂಬುವುದಿಲ್ಲ ಅಂತ ಈಗಲೇ ಹೇಳಿಬಿಡಿ, ಬೇಜಾರಿಲ್ಲ. ಆದರೆ ಒಂದೇ ಮಧ್ಯಾಹ್ನದಲ್ಲಿ, ಕೂತ ಜಾಗದಿಂದ ಏಳದೆ, ನೂರಿಪ್ಪತ್ತು ಮನೆಯವರಿಗೆ ಪ್ರಶ್ನೆ ಹಾಕಿ ಉತ್ತರ ಬರೆದುಕೊಂಡ ಗಂಡು ಈ ಭೂಮಿಯ ಮೇಲೆ ಒಬ್ಬನೇ. ಹೆಸರು ಬೋರಲಿಂಗ. ಊರು ಗೊರವನಕಟ್ಟೆ.

ಗೊರವನಕಟ್ಟೆಯಿಂದ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಮೊದಲನೆಯವನು ಅವನು. ಸಮಾಜಶಾಸ್ತ್ರದ ಎಂ.ಎ., ಎರಡನೇ ವರ್ಷ. ಓದು ಸಾಕು, ಹಿಟ್ಟಿನ ಮಿಷಿನ್ ನೋಡಿಕೋ ಅಂದ ಅಪ್ಪನನ್ನು ಒಂದೇ ಭಾಷಣದಲ್ಲಿ ಬಾಯಿ ಮುಚ್ಚಿಸಿ ಬಂದವನು. ಈ ಸಂಗತಿ ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಅವನೇ ಹೇಳಿದ್ದ.

ಅವನ ಗುರು ಶಿವನಂಜಯ್ಯ ಮೇಷ್ಟ್ರು. ವಿಭಾಗದ ಹಿಂದೆ ಒಂದು ಕೆರೆ, ಕೆರೆಯ ದಡದಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಒಂದು ಕಲ್ಲುಚಪ್ಪಡಿ. ಸಂಜೆ ನಾಲ್ಕಾದರೆ ಮೇಷ್ಟ್ರು ಅಲ್ಲಿ. ಹಿಂದಿನ ಕಾಲವಾಗಿದ್ದರೆ ಅದನ್ನೇ ಆಶ್ರಮ ಅನ್ನುತ್ತಿದ್ದರು.

ಎಂ.ಎ. ಮುಗಿಯಬೇಕಾದರೆ ಒಂದು ಕಿರುಪ್ರಬಂಧ ಬರೆಯಬೇಕು. ಬೋರಲಿಂಗನ ವಿಷಯ, ಹಳ್ಳಿಯ ಮನೆಗಳಲ್ಲಿ ತೀರ್ಮಾನ ಮಾಡುವವರು ಯಾರು ಅನ್ನುವುದು. ಮೇಷ್ಟ್ರು ನೂರಿಪ್ಪತ್ತು ಪ್ರಶ್ನಾವಳಿ ಕೊಟ್ಟರು. ಮನೆಗೊಂದು ಹಾಳೆ, ಹಾಳೆಗೆ ಹತ್ತು ಪ್ರಶ್ನೆ, ಪ್ರಶ್ನೆಗೆ ಮೂರು ಚೌಕ.

"ನಿಮ್ಮೂರಲ್ಲೇ ಕೇಳ್ಕೊಂಡು ಬಾ. ಮೂರು ವಾರ ಸಾಕಾ?"

"ಮೂರು ದಿನ ಸಾಕು ಸಾರ್."

ಬೋರಲಿಂಗ ಹೋಗಲೇ ಇಲ್ಲ. ಹುಟ್ಟಿ ಬೆಳೆದ ಊರನ್ನು ಕೇಳಿ ತಿಳಿದುಕೊಳ್ಳುವ ಗತಿ ಅವನಿಗೇನು ಬಂದಿತ್ತು? ಯಾರ ಮನೆಯ ಹಸು ಎಷ್ಟು ಹಾಲು ಕೊಡುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವನು. ಮೂರು ವಾರ ಕ್ರಿಕೆಟ್ ಆಡಿದ. ಕೊನೆಯ ದಿನ ಮಧ್ಯಾಹ್ನ ಕ್ಯಾಂಟೀನಿನ ಹಿಂದೆ ಕೂತು ನೂರಿಪ್ಪತ್ತನ್ನೂ ತುಂಬಿಸಿದ.

ಸುಮ್ಮನೆ ತುಂಬಿಸಿದ ಅಂದುಕೊಳ್ಳಬೇಡಿ, ಅದೊಂದು ಕಲೆ. ನಾಲ್ಕು ಪೆನ್ನು ಬದಲಾಯಿಸಿದ. ಕೆಲವು ಗುರುತು ಎಡಗೈಯಲ್ಲಿ ಹಾಕಿದ. ಇಪ್ಪತ್ತು ಹಾಳೆಯನ್ನು ಮಣ್ಣಿನಲ್ಲಿ ಹೊರಳಿಸಿದ. ಒಂದರ ಮೇಲೆ ಟೀ ಲೋಟ ಇಟ್ಟು ಉಂಗುರ ಮೂಡಿಸಿದ. ಹಾಸ್ಟೆಲಿನ ಅಡುಗೆಮನೆಯಿಂದ ಚಿಟಿಕೆ ಅರಿಶಿನ ತಂದು ಇನ್ನೊಂದರ ಅಂಚಿಗೆ ಹೆಬ್ಬೆಟ್ಟು ಒತ್ತಿದ. ಆ ಹೆಬ್ಬೆಟ್ಟನ್ನು ನೋಡಿ ತಾನೇ ತಲೆದೂಗಿದ.

ಮಂಗಳವಾರ ಸಂಜೆ ಕಟ್ಟು ಹೊತ್ತುಕೊಂಡು ಕೆರೆಯ ದಡಕ್ಕೆ ಬಂದ.

"ನೂರಿಪ್ಪತ್ತಕ್ಕೆ ನೂರಿಪ್ಪತ್ತು ಸಾರ್."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಒಂದೊಂದೇ ಹಾಳೆ ಮಗುಚಿದರು. ಅವಸರವೇ ಇಲ್ಲ. ಅರಿಶಿನದ ಹಾಳೆ ಬಂದಾಗ ಅದನ್ನು ಮೂಗಿನ ಹತ್ತಿರ ಹಿಡಿದರು.

"ಅರಿಶಿನ ಚೆನ್ನಾಗಿದೆ."

"ಸಾರಿಗೆ ಒಗ್ಗರಣೆ ಹಾಕ್ತಾ ಇದ್ರು ಸಾರ್. ಅದೇ ಕೈಯಲ್ಲಿ ಇಸ್ಕೊಂಡ್ಬಿಟ್ರು."

"ಯಾರ ಮನೆಗೂ ಬೀಗ ಇರಲಿಲ್ವಾ?"

"ಇಲ್ಲ ಸಾರ್."

"ಹೋಗಯ್ಯ, ನಿನಗ್ಯಾಕೆ ಹೇಳಬೇಕು ಅಂತ ಒಬ್ಬರೂ ಅನ್ನಲಿಲ್ವಾ?"

"ನನಗೆ ಯಾರು ಸಾರ್ ಹಂಗಂತಾರೆ? ನಮ್ಮೂರು!"

"ಗೊತ್ತಿಲ್ಲ ಅಂತಲೂ ಯಾರೂ ಅನ್ನಲಿಲ್ಲ."

"ಒಬ್ಬರೂ ಇಲ್ಲ."

"ಮೂವತ್ತು ವರ್ಷದಿಂದ ಊರೂರು ಅಲೆದಿದ್ದೀನಿ ಕಣಯ್ಯ. ಇಂಥ ಊರು ನೋಡೇ ಇಲ್ಲ. ರಿಟೈರ್ ಆದ್ಮೇಲೆ ಅಲ್ಲೇ ಒಂದು ಸೈಟ್ ಕೊಡ್ಸು."

ಬೋರಲಿಂಗ ನಕ್ಕ. ಮೇಷ್ಟ್ರು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು.

ಮೇಷ್ಟ್ರು ಕಟ್ಟಿನಿಂದ ಒಂದು ಹಾಳೆ ಎಳೆದರು. "ಅರವತ್ತೊಂದನೇ ಮನೆ ಯಾರದು?"

"ನಮ್ಮದೇ ಸಾರ್."

"ಏಳನೇ ಪ್ರಶ್ನೆ. ಈ ಮನೆಯಲ್ಲಿ ಕೊನೆಯ ಮಾತು ಯಾರದು? ಗಂಡನದು, ಹೆಂಡತಿಯದು, ಇಬ್ಬರದೂ. ನೀನು ಗಂಡನದು ಅಂತ ಗುರುತು ಹಾಕಿದ್ದೀಯ. ಯಾರು ಹೇಳಿದ್ರು?"

"ಹೇಳೋದೇನ್ ಬಂತು ಸಾರ್, ನಾನು ಹುಟ್ಟಿದ ಮನೆ."

"ಅದು ಗೊತ್ತು. ಯಾರು ಹೇಳಿದ್ರು?"

ಬೋರಲಿಂಗ ಕೆರೆಯ ಕಡೆ ನೋಡಿದ.

"ನಿಮ್ಮ ತಾಯಿನ ಕೇಳಿದ್ಯಾ?"

"ಅವ್ವನ್ನ ಏನ್ ಸಾರ್ ಕೇಳೋದು? ಅವ್ವ ಮಾತೇ ಆಡಲ್ಲ."

ಮೇಷ್ಟ್ರು ಚೀಲದಿಂದ ಒಂದು ಖಾಲಿ ಪ್ರಶ್ನಾವಳಿ ತೆಗೆದರು. ಮೇಲೆ ಅರವತ್ತೊಂದು ಅಂತ ಬರೆದು ಅವನ ಕೈಗೆ ಕೊಟ್ಟರು.

"ಇದೊಂದು ಮನೆ ಕೇಳ್ಕೊಂಡು ಬಾ."

"ಉಳಿದದ್ದು?"

"ನನ್ನ ಹತ್ರ ಇರಲಿ."

"ಸೋಮವಾರ ಕೊನೇ ದಿನ ಸಾರ್. ಪ್ರಬಂಧಕ್ಕೆ ನಿಮ್ಮ ಸಹಿ ಬೀಳಲಿಲ್ಲ ಅಂದ್ರೆ..."

"ಗೊತ್ತು. ಹೋಗಿ ಬಾ."

ಸಹಿ ಬೀಳಲಿಲ್ಲ ಅಂದರೆ ಎಂ.ಎ. ಇಲ್ಲ. ಊರಿನಲ್ಲಿ ಆಗಲೇ ಎಲ್ಲರೂ ಅವನನ್ನು ಪ್ರೊಫೆಸ್ರು ಅನ್ನುತ್ತಿದ್ದರು. ಹೋದ ಹಬ್ಬಕ್ಕೆ ಹೋದವನು ಅಪ್ಪನ ಮಿಷಿನ್ ಮನೆಯ ಗೋಡೆಗೆ 'ಬೋರಲಿಂಗ, ಎಂ.ಎ.' ಅಂತ ನೀಲಿ ಬಣ್ಣದಲ್ಲಿ ಬರೆಸಿಯೂ ಬಂದಿದ್ದ. ಬಸ್ಸಿನಿಂದ ಇಳಿದ ಕೂಡಲೇ ಕಾಣುವುದು ಅದೇ ಗೋಡೆ.

ಗುರುವಾರ ಬೆಳಿಗ್ಗೆ ಬಸ್ಸಿಳಿದಾಗ ಆ ಕಡೆ ತಲೆಯೆತ್ತದೆ ಮನೆಗೆ ನಡೆದ.

ಅವನ ತಾಯಿ ಚಿಕ್ಕತಾಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಎರಡು ಬೀದಿ ಆಚೆ ಮಿಷಿನ್ ಸದ್ದು. ಅದರ ಮೇಲೆ ಅಪ್ಪನ ಗಂಟಲು. ಆ ಸದ್ದಿನಲ್ಲಿ ಕೂಗಿ ಕೂಗಿ ಅಪ್ಪನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ಏನ್ಲಾ ಮಗ, ರಜವಾ?"

"ಇಲ್ಲ ಕಣವ್ವ. ನಿನ್ನ ಒಂದು ಪ್ರಶ್ನೆ ಕೇಳ್ಬೇಕು. ಯೂನಿವರ್ಸಿಟಿಯಿಂದ."

ಚಿಕ್ಕತಾಯಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ನನ್ನಾ?"

"ಹೂಂ. ಈ ಮನೇಲಿ ಕೊನೇ ಮಾತು ಯಾರ್ದು?"

ಅವಳು ಮೊರವನ್ನು ಎರಡು ಸಲ ಎಗರಿಸಿದಳು. ಹೊಟ್ಟು ಹಾರಿತು. ಬೋರಲಿಂಗ ಮೊದಲನೆಯ ಚೌಕಕ್ಕೆ ಗುರುತು ಹಾಕಿದ.

"ಏನ್ಲಾ ಬರ್ದೆ?"

"ನೀನು ಹೇಳಿದ್ದು."

"ನಾನಿನ್ನೂ ಬಾಯೇ ಬುಟ್ಟಿಲ್ಲ, ನಿನ್ ಪೆನ್ನು ಆಗ್ಲೇ ಓಡೋಯ್ತಲ್ಲೋ!"

ಅವನ ಕೈ ನಿಂತಿತು. ಹಾಳೆ ನೋಡಿದ. ಇದ್ದದ್ದು ಒಂದೇ ಹಾಳೆ, ಅದರ ಮೇಲೂ ಗುರುತು ಬಿದ್ದಾಗಿತ್ತು. ಕ್ಯಾಂಟೀನಿನ ಹಿಂದೆ ಮಾಡಿದ್ದನ್ನೇ ಈಗ ಅವ್ವನ ಎದುರು ಕೂತು ಮಾಡಿದ್ದ.

ಪೆನ್ನಿಗೆ ಮುಚ್ಚಳ ಹಾಕಿದ.

"ಸರಿ, ಹೇಳವ್ವ."

"ಈಗ ಆಗಕ್ಕಿಲ್ಲ ಹೋಗು. ಕೆಲ್ಸ ಅದೆ."

ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ. ಕೇಳಿದವರಿಗಲ್ಲವೆ ಅನ್ನುವುದು.

ಕಾದ. ರಾಗಿ ಕೇರಿ ಮುಗಿಯಿತು. ಹಸುವಿಗೆ ಹುಲ್ಲು ಹಾಕಿದ್ದಾಯಿತು. ಅವಳು ನೀರಿಗೆ ಹೊರಟರೆ ಇವನೂ ಹಿಂದೆ ಹೋದ. ಬರುವಾಗ ಒಂದು ಕೊಡ ಇವನ ಹೆಗಲ ಮೇಲಿತ್ತು. ಪ್ರೊಫೆಸ್ರು ನೀರು ಹೊರೋದು ನೋಡ್ರಮ್ಮಿ ಅಂತ ಯಾರೋ ನಕ್ಕರು. ಇವನು ಕೊಡವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಊಟವಾಯಿತು. ಅಪ್ಪ ಉಂಡು ಮತ್ತೆ ಮಿಷಿನ್ ಕಡೆ ಹೋದ. ಬಿಸಿಲು ಇಳಿಯಿತು.

ಆಗ ಚಿಕ್ಕತಾಯಮ್ಮ ಜಗಲಿಗೆ ಬಂದು ಕಾಲು ಚಾಚಿ ಕೂತಳು. ಯಾರೂ ಕೇಳದೆ ತಾನೇ ಶುರು ಮಾಡಿದಳು.

"ಕೊನೇ ಮಾತು ನಿಮ್ಮಪ್ಪಂದೇ ಕಣಪ್ಪ."

ನಾನು ಹೇಳಲಿಲ್ವಾ ಅನ್ನುವುದು ಬೋರಲಿಂಗನ ನಾಲಗೆಯ ತುದಿಗೆ ಬಂತು. ಕೈ ಪೆನ್ನಿನ ಮುಚ್ಚಳಕ್ಕೆ ಹೋಯಿತು. ಎರಡನ್ನೂ ತಡೆದುಕೊಂಡ.

"ಅವರು ಮಾತಾಡ್ತಾರೆ. ಆಮ್ಯಾಕೆ ನಾನು ಸುಮ್ಕಿರ್ತೀನಿ. ಸರಿ ಅನ್ನಿಸಿದ್ರೆ ಒಂದೊತ್ತು ಸುಮ್ಕಿರ್ತೀನಿ. ಸರಿ ಅನ್ನಿಸದೆ ಇದ್ರೆ, ಅವರ ಮಾತು ಬದಲಾಗೋಗಂಟ ಸುಮ್ಕಿರ್ತೀನಿ."

"ಅಂದ್ರೆ?"

"ಮಿಷಿನ್ ಇಡ್ಸಕ್ಕೆ ಮೂರು ದಿನ ಸುಮ್ಕಿದ್ದೆ. ನಿಮ್ಮಕ್ಕಂಗೆ ಆ ಮೊದಲ್ನೇ ಗಂಡು ಬ್ಯಾಡ ಅಂತ ಆಗಿದ್ದು ಐದು ದಿನ."

"ನಾನು ಓದಕ್ಕೆ ಹೋಗಿದ್ದು?"

"ನೀನಾ?" ಅವಳು ಬೆರಳು ಮಡಿಸಿದಳು. "ಒಂಬತ್ತು ದಿನ ಕಣ್ಲಾ. ನಿಮ್ಮಪ್ಪಂಗೆ ಅನ್ನ ಇಳೀದೆ ಹೋಯ್ತು."

"ಅಪ್ಪನ ಮುಂದೆ ನಾನು ಭಾಷಣ ಮಾಡಿದ್ನಲ್ಲವ್ವಾ?"

"ಮಾಡ್ದೆ, ಮಾಡ್ದೆ. ಬಲು ಚೆಂದಾಗಿ ಮಾಡ್ದೆ." ಅವಳು ಅವನ ಬೆನ್ನು ಸವರಿದಳು. "ಅದು ಹತ್ತನೇ ದಿನ."

ಆ ಒಂಬತ್ತು ದಿನವೂ ಬೋರಲಿಂಗ ಅದೇ ಮನೆಯಲ್ಲಿದ್ದ. ದಿನಕ್ಕೆ ಮೂರು ಹೊತ್ತು ಅವಳ ಕೈಯಲ್ಲೇ ಉಂಡಿದ್ದ. ಕನ್ನಡಿಯ ಮುಂದೆ ನಿಂತು ಭಾಷಣ ಕಲಿಯುತ್ತಿದ್ದ. ಮನೆಯಲ್ಲಿ ಮಾತು ನಿಂತಿದೆ ಅನ್ನುವುದು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಹಾಳೆ ತಿರುಗಿಸಿದ. ಹಿಂಬದಿಯಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದ. ಬರೆದದ್ದನ್ನು ಓದಿ ಹೇಳಿದ.

"ಹೂಂ, ಅಷ್ಟೇಯ," ಅಂದಳು ಚಿಕ್ಕತಾಯಮ್ಮ. "ನಿಮ್ಮಪ್ಪಂಗೆ ಓದಿ ಹೇಳ್ಬ್ಯಾಡ ಮತ್ತೆ."

ಶುಕ್ರವಾರ ಹೊರಡುವಾಗ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಬುತ್ತಿ ಬಿಚ್ಚಲು ಅವನಿಗೆ ಮನಸ್ಸು ಬರಲಿಲ್ಲ. ಮಂಗಳವಾರದಿಂದ ಅವನಿಗೆ ಹಸಿವೇ ಇರಲಿಲ್ಲ.

ಸಂಜೆ ಹೊಂಗೆ ಮರದ ಕೆಳಗೆ ಮೇಷ್ಟ್ರು ಇದ್ದರು. ಪಕ್ಕದಲ್ಲಿ ಆ ಕಟ್ಟೂ ಇತ್ತು.

"ಸಾರ್, ಮಿಕ್ಕ ನೂರಹತ್ತೊಂಬತ್ತೂ ಸುಳ್ಳು. ಕ್ಯಾಂಟೀನ್ ಹಿಂದೆ ಕೂತ್ಕೊಂಡು ನಾನೇ ತುಂಬಿಸಿದ್ದು."

"ಮತ್ತೆ?"

"ಅರಿಶಿನ ಹಾಸ್ಟೆಲ್ದು."

"ಮತ್ತೆ?"

"ಇದೊಂದು ನಿಜ."

ಮೇಷ್ಟ್ರು ಹಾಳೆ ತೆಗೆದುಕೊಂಡರು. ಮುಂಭಾಗದ ಗುರುತು ನೋಡಿದರು.

"ಅದಲ್ಲ ಸಾರ್. ತಿರುಗಿಸಿ."

ತಿರುಗಿಸಿದರು. ಓದಿದರು. ಇನ್ನೊಂದು ಸಲ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಈ ಮೂರು ಚೌಕ ಮಾಡಿದವನು ನಾನು ಕಣಯ್ಯ," ಅಂದರು. "ಇಷ್ಟು ವರ್ಷದಿಂದ ಇದನ್ನೇ ಕೊಟ್ಟು ಕಳಿಸ್ತಿದ್ದೀನಿ. ನಿಮ್ಮ ತಾಯಿ ಇದರಲ್ಲಿ ಯಾವುದರೊಳಗೂ ಹಿಡಿಸಲಿಲ್ಲ ನೋಡು."

"ಸೋಮವಾರ ನಾನೇನು ಕೊಡ್ಲಿ ಸಾರ್? ಒಂದೇ ಮನೆ ಇದೆ. ಊರಲ್ಲಿ ಗೋಡೆ ಮೇಲೆ ಎಂ.ಎ. ಅಂತ ಬರೆಸಿಬಿಟ್ಟಿದ್ದೀನಿ."

ಮೇಷ್ಟ್ರು ನಕ್ಕರು. ಎರಡು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

"ಅಳಿಸಬೇಡ. ಗೋಡೆ ಸ್ವಲ್ಪ ಕಾಯಲಿ."

ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟರು. ಈ ವಿದ್ಯಾರ್ಥಿಗೆ ಕ್ಷೇತ್ರಕಾರ್ಯ ಮುಗಿಸಲು ಕಾಲಾವಕಾಶ ಬೇಕು, ಮುಂದಿನ ಅವಧಿಯಲ್ಲಿ ಪ್ರಬಂಧ ಒಪ್ಪಿಸಲು ಅನುಮತಿ ಕೊಡಬೇಕು ಅಂತ ಮೇಷ್ಟ್ರು ಬರೆದ ಪತ್ರ. ಕೆಳಗೆ ಕಚೇರಿಯ ಮೊಹರು. ಅನುಮತಿ ಸಿಕ್ಕಿತ್ತು.

ಬೋರಲಿಂಗ ಓದಿದ. ಮೇಷ್ಟ್ರು ಹಾಕಿದ ತಾರೀಖು ನೋಡಿದ.

"ಸಾರ್, ಇದು ಮಂಗಳವಾರ ಬರೆದಿದ್ದು."

"ಹೌದು."

"ಅವತ್ತು ನಾನು ನಿಮ್ಮ ಮುಂದೆ ಸುಳ್ಳು ಹೇಳ್ತಾ ಇದ್ದೆ."

"ಅದಕ್ಕೇ ಬರೆದೆ. ಸುಳ್ಳಿಗೆ ಒಂದು ಮಧ್ಯಾಹ್ನ ಸಾಕಾಯ್ತು. ನಿಜಕ್ಕೆ ಟೈಮ್ ಬೇಡ್ವಾ?"

ಬೋರಲಿಂಗ ಕಲ್ಲುಚಪ್ಪಡಿಯ ಮೇಲೆ ಕೂತ. ಹಿಂದೆಯೇ ಹೊಟ್ಟೆ ಚುರುಗುಟ್ಟಿತು, ಮೇಷ್ಟ್ರಿಗೂ ಕೇಳಿಸುವಷ್ಟು ಜೋರಾಗಿ.

"ಚೀಲದಲ್ಲಿ ಏನಿದೆ?"

"ಅವ್ವ ಕಟ್ಟಿಕೊಟ್ಟ ರೊಟ್ಟಿ ಸಾರ್."

"ಬಿಚ್ಚು ಮತ್ತೆ. ಏನು ನೋಡ್ತಾ ಕೂತಿದ್ದೀಯ?"

ಇಬ್ಬರೂ ತಿಂದರು. ಕೆರೆಯಲ್ಲಿ ಮೀನು ಎಗರಿದ ಸದ್ದು ಬೋರಲಿಂಗನಿಗೆ ಕೇಳಿಸಿತು. ಆ ಕೆರೆಯಲ್ಲಿ ಮೀನಿದೆ ಅಂತ ಅವನಿಗೆ ಗೊತ್ತಾದದ್ದು ಅವತ್ತೇ.

ಕೈ ತೊಳೆದುಕೊಂಡು ಬಂದವನೇ ಆ ಸುಳ್ಳಿನ ಕಟ್ಟನ್ನು ಎತ್ತಿದ.

"ಇದನ್ನ ಕೆರೆಗೆ ಎಸೆದುಬಿಡ್ತೀನಿ ಸಾರ್. ಹೊಸ ಹಾಳೆ ಕೊಡಿ."

ಮೇಷ್ಟ್ರು ಕಟ್ಟನ್ನು ಅವನ ಕೈಯಿಂದ ಬಿಡಿಸಿಕೊಂಡರು. ಅರಿಶಿನದ್ದು, ಟೀ ಉಂಗುರದ್ದು, ಮಣ್ಣಿನದು, ಎಲ್ಲವನ್ನೂ ಚಪ್ಪಡಿಯ ಮೇಲೆ ಕುಟ್ಟಿ ಅಂಚು ಸಮ ಮಾಡಿದರು. ಕವುಚಿ ಹಾಕಿದರು. ದಾರ ಕಟ್ಟಿ ಅವನ ಎರಡೂ ಕೈಯ ಮೇಲೆ ಇಟ್ಟರು.

"ಆರು ತಿಂಗಳು ಇದೆ, ನೂರಹತ್ತೊಂಬತ್ತು ಮನೆ ಇದೆ. ಹೊಸ ಹಾಳೆ ಯಾಕಯ್ಯ? ಇವುಗಳ ಹಿಂದುಗಡೆ ಎಲ್ಲ ಖಾಲಿ ಇದೆ."