ಎದುರು ಕಚೇರಿಯ ಬೆಂಚು

"ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಹೊಟ್ಟೆಕಿಚ್ಚು ಅನ್ನುತ್ತಾರಲ್ಲ ಗುರುಗಳೇ, ಅದು ಸರಿಯೇ?" ಎಂದು ಶಿಷ್ಯ ಕೇಳಿದ.

ಜೊತೆಯವನು ಅಡುಗೆಮನೆಯ ಸರದಿ ಬಿಟ್ಟು ಊರ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾನೆಂದು ಅವನು ಹಿಂದಿನ ದಿನ ಎಲ್ಲರೆದುರು ಹೇಳಿದ್ದ. ಸರದಿ ಬಿಡಿಸಿ ಕಳಿಸಿದವರು ಗುರುಗಳೇ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಹೇಳಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನ ನ್ಯಾಯಾಲಯದ ಬೀದಿಯಲ್ಲಿ ಒಬ್ಬ ವಕೀಲನಿದ್ದ. ಕಾನೂನು ಚೆನ್ನಾಗಿ ಬಲ್ಲವನು. ಒಂದು ಸೋಮವಾರ ಬೆಳಿಗ್ಗೆ ಅಣ್ಣ ತಮ್ಮಂದಿರಿಬ್ಬರು ಅವನಲ್ಲಿಗೆ ಬಂದರು. ಅಣ್ಣ ಕುಳಿತ. ತಮ್ಮ ಗೋಡೆಗೆ ಒರಗಿ ನಿಂತ.

"ನಿಮ್ಮಲ್ಲಿ ನಾನು ಯಾರ ಪರ?" ಎಂದ ವಕೀಲ.

"ಇಬ್ಬರ ಪರವೂ ಸ್ವಾಮಿ. ಜಗಳವೇನಿಲ್ಲ. ಹೊಲ ಪಾಲು ಮಾಡಿಕೊಂಡಿದ್ದೇವೆ, ಒಂದು ಪತ್ರ ಬರೆದುಕೊಡಿ."

"ಜಗಳವಿಲ್ಲದವರಿಗೆ ವಕೀಲ ಯಾಕಯ್ಯ? ಜಗಳ ಶುರುವಾಗಲಿ, ಆಮೇಲೆ ಒಬ್ಬನೇ ಬಾ."

ಅವರು ಬೀದಿ ದಾಟಿದರು. ಎದುರಿಗೆ ಮೂವರು ವಕೀಲರು ಸೇರಿ ನಡೆಸುತ್ತಿದ್ದ ಕಚೇರಿ. ಅದರ ಜಗಲಿಯ ಮೇಲೆ ಒಂದು ಉದ್ದನೆಯ ಬೆಂಚು. ಶನಿವಾರ ಯಾರು ಬೇಕಾದರೂ ಬಂದು ಅಲ್ಲಿ ಕೂರಬಹುದು, ಕೇಳಬಹುದು, ಅರ್ಜಿ ಬರೆಸಿಕೊಳ್ಳಬಹುದು. ದುಡ್ಡು ಕೊಡಬೇಕಾಗಿರಲಿಲ್ಲ. ನ್ಯಾಯಾಲಯದ ಅಂಗಳದ ಕುಡಿಯುವ ನೀರಿನ ತೊಟ್ಟಿಯ ಮೇಲೂ ಹೆಣ್ಣುಮಕ್ಕಳ ಶಾಲೆಯ ಗೋಡೆಯ ಮೇಲೂ ಕಟ್ಟಿಸಿಕೊಟ್ಟವರೆಂದು ಆ ಮೂವರ ಹೆಸರಿತ್ತು. ಅಣ್ಣ ತಮ್ಮಂದಿರು ಬೆಂಚಿನ ಮೇಲೆ ಒಟ್ಟಿಗೆ ಕುಳಿತರು. ಸಂಜೆಯೊಳಗೆ ಪಾಲುಪತ್ರ ಸಿದ್ಧವಾಯಿತು.

ಅಂದಿನಿಂದ ವಕೀಲನ ಕಣ್ಣು ಆ ಬೆಂಚಿನ ಮೇಲೇ ಇತ್ತು. ಅಲ್ಲಿ ಯಾರಾದರೂ ನಕ್ಕರೆ ಅವನಿಗೆ ಓದುತ್ತಿದ್ದ ಸಾಲು ತಪ್ಪುತ್ತಿತ್ತು. ನೀರಿನ ತೊಟ್ಟಿಯ ಹೆಸರು ಕಾಣಬಾರದೆಂದು ಹಿಂಬಾಗಿಲಿನಿಂದ ನ್ಯಾಯಾಲಯಕ್ಕೆ ಹೋಗುತ್ತಿದ್ದ.

ಅವನ ಗುಮಾಸ್ತೆ ಹಳೆಯ ಮನುಷ್ಯ. "ಕಿಟಕಿ ಮುಚ್ಚಲೇ ಸಾರ್? ಧೂಳು ಬರುತ್ತಿದೆ" ಎಂದ.

"ಬೇಡ."

"ಹಾಗಾದರೆ ಮೇಜನ್ನಾದರೂ ಆ ಕಡೆ ತಿರುಗಿಸುತ್ತೇನೆ. ನಿಮ್ಮ ಕತ್ತು ನೋಯುತ್ತದೆ."

ಕೆಲವು ವರ್ಷಗಳಾದ ಮೇಲೆ ಅಣ್ಣ ತಮ್ಮಂದಿರಿಗೆ ಬಾವಿಯ ವಿಷಯದಲ್ಲಿ ಜಗಳವಾಯಿತು. ದಾವೆ ನ್ಯಾಯಾಲಯಕ್ಕೆ ಬಂತು. ಎದುರು ಕಚೇರಿಯವರು ಯಾರ ಪರವನ್ನೂ ವಹಿಸಲಿಲ್ಲ. ಆದರೆ ವಕೀಲ ಪತ್ರಿಕೆಯವನೊಬ್ಬನನ್ನು ಕರೆದು ಹೇಳಿದ: "ಅಣ್ಣನಿಗೆ ಪತ್ರ ಬರೆದವರೂ ಅವರೇ, ತಮ್ಮನಿಗೆ ಬರೆದವರೂ ಅವರೇ. ಬೇಕಾದರೆ ನೋಂದಣಿ ಕಚೇರಿಯಲ್ಲಿ ನೋಡಿಕೊಳ್ಳಿ."

ಒಂದು ಮಾತೂ ಸುಳ್ಳಾಗಿರಲಿಲ್ಲ. ಅದು ಒಂದೇ ಪತ್ರ, ಆಗ ಇಬ್ಬರೂ ಕೂಡಿ ಬಂದಿದ್ದರು ಎಂದು ಮಾತ್ರ ಅವನು ಹೇಳಲಿಲ್ಲ.

ಸುದ್ದಿ ಅಚ್ಚಾಯಿತು. ಎರಡೂ ಕಡೆ ತಿನ್ನುವವರು ಎಂದು ಊರು ಮಾತಾಡಿತು. ತೊಟ್ಟಿಯ ಮೇಲಿನ ಹೆಸರಿಗೆ ಯಾರೋ ಟಾರು ಬಳಿದರು. ಕಕ್ಷಿದಾರ ಒಳಗೆ ಹೇಳಿದ್ದನ್ನು ವಕೀಲರು ಹೊರಗೆ ಹೇಳುವಂತಿಲ್ಲ. ಆ ಮೂವರು ಕಟ್ಟಳೆ ಮೀರಲಿಲ್ಲ. ಹೇಳಬಹುದಾಗಿದ್ದ ಅಣ್ಣ ತಮ್ಮಂದಿರು ಒಬ್ಬರ ಮೇಲೊಬ್ಬರು ದಾವೆ ಹೂಡಿದ್ದರಿಂದ ಬಾಯಿ ಬಿಡಲಿಲ್ಲ. ಎರಡು ತಿಂಗಳಲ್ಲಿ ಕಚೇರಿ ಮುಚ್ಚಿತು. ಮೂವರೂ ಬೇರೆ ಊರಿಗೆ ಹೋದರು. ಬೆಂಚನ್ನು ಗಾಡಿಯ ಮೇಲೆ ಹಾಕಿ ಒಯ್ದರು.

ಮುಂದಿನ ಶನಿವಾರ ವಕೀಲ ಬೇಗ ಬಂದ. ಹಳ್ಳಿಗಳಿಂದ ಜನ ಎಂದಿನಂತೆ ಬಂದರು. ಬೀಗ ನೋಡಿದರು. ಸ್ವಲ್ಪ ಹೊತ್ತು ನಿಂತು ಬೀದಿ ದಾಟಿದರು. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ, ಕಣ್ಣು ಕಾಣದ ಗಂಡನ ಕೈ ಹಿಡಿದುಕೊಂಡು ಬರುತ್ತಿದ್ದಳು. ವಕೀಲನ ಎದೆ ತುಂಬಿತು. ತಾನೇ ಎದ್ದು ಬಾಗಿಲಿಗೆ ಹೋಗಿ, "ಬನ್ನಿ, ಬನ್ನಿ, ಎಲ್ಲರೂ ಕುಳಿತುಕೊಳ್ಳಿ" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕುಳಿತರೇ?" ಎಂದ ಶಿಷ್ಯ.

"ಬಂದವರಿಗೆಂದು ಆ ವಕೀಲನ ಕಚೇರಿಯಲ್ಲಿ ಇದ್ದದ್ದು ಒಂದೇ ಕುರ್ಚಿ."