ಪ್ಲಾಸ್ಟಿಕ್ ಹುಲ್ಲಿಗೆ ಗೋಪೂಜೆ

ಪ್ಲಾಸ್ಟಿಕ್ ಹುಲ್ಲು ಕಂಡುಹಿಡಿದವನೇ ನಾನು. ಸುಳ್ಳು, ಬಿಡಿ. ಅದರ ಮೇಲೆ ಹತ್ತಿದ ಹಸು ಮಾತ್ರ ನನ್ನದು.

ನಮ್ಮ ಬಡಾವಣೆಯ ಪಟ್ಟಾಭಿರಾಯರು ಹಿತ್ತಲಿಗೆಲ್ಲ ಪ್ಲಾಸ್ಟಿಕ್ ಹುಲ್ಲು ಹಾಸಿ ಬ್ಯಾಡ್ಮಿಂಟನ್ ಕೋರ್ಟ್ ಮಾಡಿಸಿದರು. ಮಾಲಿಯನ್ನು ಕರೆದು, "ಇದಕ್ಕೆ ನೀರು ಬೇಡ, ಗೊಬ್ಬರ ಬೇಡ, ನೀನೂ ಬೇಡ" ಅಂದರು.

"ಆಗಲಿ ಸ್ವಾಮಿ. ಆದರೆ ಹೊಸ ಜಾಗ, ಹಸು ಕಾಲಿಡೋಕೆ ಮೊದಲು ನೀವು ಕಾಲಿಡಬಹುದಾ?"

"ಗೋಪೂಜೆ ಆಗಲೇಬೇಕು!" ಒಳಗಿನಿಂದ ರಾಯರ ಹೆಂಡತಿ ಅಂಬುಜಮ್ಮ ಕೂಗಿದರು.

ಮಾಲಿ ನನ್ನ ಹಸುವಿಗೆ ಹೊಟ್ಟೆ ಬಿರಿಯ ಮೇವು ತಿನ್ನಿಸಿ ಕರೆತಂದ. ಹಸು ಕೋರ್ಟನ್ನು ಮೂಸಿತು, ನೆಕ್ಕಿತು, ಇದು ಹುಲ್ಲೋ ಅಲ್ಲವೋ ತಿಳಿಯದೆ ರಾಯರ ಮುಖ ನೋಡಿತು. ಆಮೇಲೆ ನಟ್ಟನಡುವೆ ಸಗಣಿ ಹಾಕಿತು.

"ಶುಭ!" ಅಂಬುಜಮ್ಮ ಕೈಮುಗಿದರು. ಬೈಯಲು ಬಾಯಿ ತೆರೆದಿದ್ದ ರಾಯರೂ ಗಲಿಬಿಲಿಯಾಗಿ ಕೈಮುಗಿದರು.

"ಶುಕ್ರವಾರ ಶುಕ್ರವಾರ ಕರ್ಕೊಂಡು ಬರ್ಲಾ ಅಮ್ಮಾ?" ಮಾಲಿ ಕೇಳಿದ.

"ಬೇಡ ಅನ್ನೋದುಂಟಾ!"

ಮಾಲಿ ರಾಯರ ಕಡೆ ತಿರುಗಿದ. "ಮಣ್ಣಾಗಿದ್ದರೆ ನುಂಗಿಕೊಳ್ತಿತ್ತು. ಇದನ್ನ ಎಳೆ ಎಳೆ ತೊಳೀಬೇಕು ಸ್ವಾಮಿ. ನಾನಿನ್ನು ಹೊರಟೆ."

ರಾಯರು ಹೆಂಡತಿಯನ್ನು ನೋಡಿದರು, ಹಸುವನ್ನು ನೋಡಿದರು, ಸಗಣಿಯನ್ನು ನೋಡಿದರು. "ಎಲ್ಲಿಗಯ್ಯಾ ಹೋಗ್ತೀಯ? ಪೈಪು ಹಿಡಿ!" ಅಂದರು.

ಈಗ ಮಾಲಿ ಪ್ಲಾಸ್ಟಿಕ್ ಹುಲ್ಲಿಗೆ ದಿನಾ ನೀರು ಬಿಡುತ್ತಾನೆ. ಅದು ಯಾಕೆ ಇನ್ನೂ ಬೆಳೆದಿಲ್ಲ ಅಂತ ಹಸುವಿಗೆ ಗೊಂದಲ.

ಹಸುವೂ ನನ್ನದಲ್ಲ, ಬಿಡಿ. ಈ ಟೀ ದುಡ್ಡೂ ನನ್ನದಲ್ಲ. ನೀವೇ ಕೊಡ್ತೀರಿ ತಾನೆ?